ಮೂವತ್ತೆಂಟು ಮದುವೆ ಕೋಟು

ಬೂದು ಬಣ್ಣದ ಕೋಟಿನ ಒಳಜೇಬಿಗೆ ಕೈ ಹಾಕಿದರೆ, ಒಣಗಿ ಗೋಲಿಯಂತಾಗಿದ್ದ ಒಂದು ನಿಂಬೆಹಣ್ಣು ಸಿಕ್ಕಿತು. ಮದುಮಗನಿಗೆ ದೃಷ್ಟಿ ತಾಗದಿರಲಿ ಎಂದು ಯಾರೋ ಸೋದರತ್ತೆ ಇಟ್ಟದ್ದಿರಬೇಕು. ಆ ಕೋಟು ಮಾರಲು ಬಂದಿದ್ದ ಮದುಮಗನನ್ನು ನಾನು ನೋಡಿದ್ದೇನೆ. ಅವನಿಗೆ ದೃಷ್ಟಿ ತಾಗುವ ಯಾವ ಅಪಾಯವೂ ಇರಲಿಲ್ಲ.

ಅಂಗಡಿ ಖಾಲಿ ಮಾಡುವವನು ಜೇಬು ನೋಡುತ್ತ ಕೂರಬಾರದು, ಸುಮ್ಮನೆ ಮೂಟೆ ಕಟ್ಟಬೇಕು. ನಾನು ಕೂತೆ. ಅಕ್ಷತೆ ಕಾಳು, ಮುಯ್ಯಿಯ ಖಾಲಿ ಕವರು, ಬಾಚಣಿಗೆ ಎಲ್ಲ ಸಿಕ್ಕವು. ಒಂದು ಕೋಟಿನಲ್ಲಿ ಗ್ಯಾಸ್ ಮಾತ್ರೆಯ ಪಟ್ಟಿ ಇತ್ತು, ಎರಡು ಖರ್ಚಾಗಿದ್ದವು. ಆಲ್ಬಮ್ಮಿನ ಮೇಲೆ ಬಂಗಾರದ ಅಕ್ಷರದಲ್ಲಿ ‘ಮಧುರ ಕ್ಷಣಗಳು’ ಎಂದು ಬರೆಸಿಕೊಂಡವರ ಜೇಬಿನ ಕತೆ ಇದು.

ನನ್ನ ವ್ಯಾಪಾರ ಏನೆಂದು ನಿಮಗೆ ಹೇಳಬೇಕು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಒಮ್ಮೆ ಹಾಕಿ ಬಿಟ್ಟ ಮದುವೆ ಕೋಟುಗಳನ್ನು ಕೊಂಡು ಮಾರುತ್ತಿದ್ದೇನೆ. ನಮ್ಮ ಕಡೆಯ ಗಂಡಸು ಜೀವನದಲ್ಲಿ ಕೋಟು ಹಾಕುವುದು ಒಂದೇ ಸಲ, ಆರತಕ್ಷತೆಯ ದಿನ, ಮೂರು ಗಂಟೆ ಹೊತ್ತು. ಅದೂ ಮೇ ತಿಂಗಳಲ್ಲಿ. ಬೆನ್ನ ಮೇಲೆ ಬೆವರು ಹಳ್ಳದಂತೆ ಹರಿಯುತ್ತಿದ್ದರೂ ವಿಡಿಯೋದವನು ಹೇಳಿದಾಗಲೆಲ್ಲ ಹಲ್ಲು ಕಿರಿಯುತ್ತಾನೆ. ಆರು ತಿಂಗಳಾಗುವಷ್ಟರಲ್ಲಿ ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ, ನಡುವೆ ದಾಂಪತ್ಯಸುಖ ಬಂದು ಕೂತಿರುತ್ತದೆ. ಬೀರುವಿನಲ್ಲಿ ಜಾಗ ಸಾಲದು ಎಂದು ಹೆಂಡತಿ ಗೊಣಗಿದ ಮೇಲೆ ಆ ಕೋಟು ನನ್ನ ಹತ್ತಿರ ಬರುತ್ತದೆ. ಮುಂದಿನ ಮದುವೆ ಕಾಲಕ್ಕೆ ಅದು ಇನ್ನೊಬ್ಬನ ಮೈಮೇಲೆ ಇರುತ್ತದೆ.

ಕೊಳ್ಳಲು ಬರುವವರ ಬಗ್ಗೆ ನನಗೆ ಯಾವತ್ತೂ ಗೌರವ ಹುಟ್ಟಲಿಲ್ಲ. ಬಾಗಿಲಲ್ಲಿ ಎರಡೂ ಕಡೆ ನೋಡಿ, ನೆಂಟರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಾರಾಯಿ ಅಂಗಡಿಗೆ ನುಗ್ಗಿದಂತೆ ನುಗ್ಗುತ್ತಾರೆ. ಬಟ್ಟೆ ಮುಟ್ಟಿ ನೋಡುವ ಮೊದಲೇ ಎಲ್ಲರದ್ದೂ ಒಂದೇ ಪ್ರಶ್ನೆ.

“ಸತ್ತೋರದ್ದು ಅಲ್ಲ ತಾನೆ?”

“ಅಲ್ಲಪ್ಪ, ಮದುವೆ ಆದೋರದ್ದು,” ಎನ್ನುತ್ತೇನೆ.

“ಅವರ ಸಂಸಾರ ಚೆನ್ನಾಗಿ ನಡೀತಿದ್ಯಾ?”

ಮೊದಮೊದಲು ಗೊತ್ತಿಲ್ಲ ಎನ್ನುತ್ತಿದ್ದೆ. ವ್ಯಾಪಾರ ಮುರಿದುಬೀಳುತ್ತಿತ್ತು. ಆಮೇಲಾಮೇಲೆ “ಅವಳಿ ಜವಳಿ ಮಕ್ಕಳು” ಎನ್ನತೊಡಗಿದೆ. ನನ್ನ ಅಂಗಡಿಯ ಲೆಕ್ಕದಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಒಂದೊಂದೇ ಮಗು ಹುಟ್ಟುವುದು ನಿಂತು ಬಹಳ ವರ್ಷವಾಯಿತು.

ನಮ್ಮಪ್ಪನಿದ್ದರೆ ಇದನ್ನೆಲ್ಲ ಸಹಿಸುತ್ತಿರಲಿಲ್ಲ. ಇದೇ ಕೋಣೆಯಲ್ಲಿ ಅವರದ್ದು ಜವಳಿ ಅಂಗಡಿ. ಬಟ್ಟೆಯ ತಾನು ಬಿಚ್ಚಿ, ಗಜದ ಕೋಲಿನಲ್ಲಿ ಅಳೆದು, ಹಲ್ಲಿನಿಂದ ತುಸು ಕಚ್ಚಿ ಪರ್ರನೆ ಹರಿದರೆ ಆ ಸದ್ದಿಗೆ ಗಿರಾಕಿಯ ಮುಖ ಅರಳುತ್ತಿತ್ತು. ಆ ಸದ್ದು ಬಂದ ಮೇಲೆ ವಾಪಸ್ ಎಂಬ ಮಾತಿಲ್ಲ. ಹಳೇ ಬಟ್ಟೆ ಎಂಬುದು ಅಪ್ಪನ ಬಾಯಲ್ಲಿ ಬೈಗುಳ. ಆದರೆ ಹಳೇ ಬಟ್ಟೆಯ ವ್ಯಾಪಾರ ನಮ್ಮ ಮನೆಯ ಹಿತ್ತಲಲ್ಲೇ ನಡೆಯುತ್ತಿತ್ತು. ಸ್ಟೀಲ್ ಪಾತ್ರೆಯವಳು ಬುಟ್ಟಿ ಹೊತ್ತು ಬಂದರೆ ಅಮ್ಮ ಬಟ್ಟೆಯ ಗಂಟು ಹೊರಗೆ ತರುತ್ತಿದ್ದಳು. ಇಬ್ಬರೂ ಅರ್ಧ ದಿನ ಚೌಕಾಸಿ ಮಾಡುತ್ತಿದ್ದರು. ಹೀಗೆಯೇ ಒಂದು ಸಲ ನನ್ನ ಪ್ರೀತಿಯ ಎರಡು ಜೇಬಿನ ಚಡ್ಡಿ ಹೋಗಿ ಒಂದು ಲೋಟ ಬಂತು. ವರ್ಷಗಟ್ಟಲೆ ಆ ಲೋಟದಲ್ಲಿ ನೀರು ಕುಡಿಯುವಾಗ ನನ್ನ ಚಡ್ಡಿಯಲ್ಲೇ ಕುಡಿದಂತಾಗುತ್ತಿತ್ತು. ವ್ಯಾಪಾರದಲ್ಲಿ ಯಾವಾಗಲೂ ಒಬ್ಬನ ಚಡ್ಡಿ ಹೋಗಿರುತ್ತದೆ ಎಂಬ ತಿಳಿವಳಿಕೆ ನನಗೆ ಅಷ್ಟು ಬೇಗ ಬಂದಿತ್ತು. ಆದರೂ ನಾನು ವ್ಯಾಪಾರಿಯೇ ಆದೆ. ರೆಡಿಮೇಡ್ ಬಂದು ಅಪ್ಪನ ತಾನುಗಳು ಧೂಳು ಹಿಡಿದವು, ಅಪ್ಪ ಹೋದರು, ಅಮ್ಮನೂ ಹೋದಳು. ನನ್ನ ಕೈಯಲ್ಲಿ ಉಳಿದದ್ದು ಈ ಬಾಡಿಗೆ ಕೋಣೆ ಮತ್ತು ನನಗಿಂತ ಹದಿನೈದು ವರ್ಷ ಚಿಕ್ಕವನಾದ ತಮ್ಮ ರುದ್ರೇಶ. ‘ನೂತನ’ ಎಂದು ಶುರುವಾಗುವ ಅಪ್ಪನ ಬೋರ್ಡನ್ನು ಮಾತ್ರ ನಾನು ಬದಲಿಸಲಿಲ್ಲ. ಹೊಸ ಬೋರ್ಡಿಗೆ ಖರ್ಚು ಎಂದಲ್ಲ. ಊರನ್ನು ಅಣಕಿಸಲು ಅಷ್ಟಾದರೂ ಇರಲಿ ಎಂದು.

ಈಗ ಕೋಟು ಬಾಡಿಗೆಗೇ ಸಿಗುತ್ತದೆ. ಕೊಳ್ಳುವವನು ಪೆದ್ದ. ಕಟ್ಟಡದ ಮಾಲೀಕರು ಈ ಕೋಣೆಯನ್ನು ಗೋಬಿ ಮಂಚೂರಿಯವನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದಾರೆ. ತಿಂಗಳೊಳಗೆ ಖಾಲಿ ಮಾಡಿ ಎಂದು ಬಹಳ ವಿನಯದಿಂದ ಹೇಳಿದರು. ವಿನಯದಿಂದ ಹೇಳಿದ್ದಕ್ಕೆ ಜಗಳವಾಡಲೂ ಆಗಲಿಲ್ಲ. ಎಣಿಸಿದರೆ ಮೂವತ್ತೆಂಟು ಕೋಟು ಉಳಿದಿದ್ದವು.

‘ಕ್ಲಿಯರೆನ್ಸ್ ಸೇಲ್’ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ. ಮೊದಲ ದಿನ ಬಂದವನು ಹನ್ನೊಂದು ಕೋಟು ಹಾಕಿ ನೋಡಿದ. ಒಂದೊಂದರಲ್ಲೂ ಕನ್ನಡಿ ಮುಂದೆ ಸೊಂಟದ ಮೇಲೆ ಕೈಯಿಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ. “ಮನೇಲಿ ತೋರ್ಸಿ ಫೋನ್ ಮಾಡ್ತೀನಿ ಸಾರ್” ಎಂದು ನನ್ನ ನಂಬರು ಬರೆದುಕೊಂಡು, ತನ್ನದನ್ನೂ ಕೊಟ್ಟು ಹೋದ. ಸಂಜೆ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹನ್ನೊಂದೂ ಫೋಟೋ ಸಾಲಾಗಿ ಬಂದವು. ಫೋನು ಬರಲಿಲ್ಲ.

“ಯಾವ್ದಾದ್ರೂ ಆಶ್ರಮಕ್ಕೆ ಕೊಡ್ರಿ, ಪುಣ್ಯ ಬರುತ್ತೆ,” ಎಂದಳು ನನ್ನ ಹೆಂಡತಿ ಸರೋಜ. ಮಾರಾಟವಾಗದ ಮಾಲಿಗೆ ಪುಣ್ಯ ಎಂದು ಹೆಸರಿಡುವ ಜಾಣತನ ನಮ್ಮ ಹೆಂಗಸರಿಗೆ ಯಾರು ಕಲಿಸಿದರೋ. ಆದರೂ ಅನಾಥ ಹುಡುಗರ ಒಂದು ಆಶ್ರಮಕ್ಕೆ ಹೋದೆ. ಅಲ್ಲಿ ನೋಡಿಕೊಳ್ಳುವ ಹೆಂಗಸು ನನ್ನ ಚೀಲವನ್ನು ಬಿಚ್ಚಿಸಲೂ ಇಲ್ಲ. ಒಂದು ಕೋಣೆಯ ಬಾಗಿಲು ತೆಗೆದು ತೋರಿಸಿದಳು. ಜರಿ ಕಿತ್ತ ರವಿಕೆಗಳು, ಜೊತೆಯಿಲ್ಲದ ಬೂಟುಗಳು, ಯಾವುದೋ ಕಾಲೇಜಿನ ಹೆಸರಿದ್ದ ಟೀ ಶರ್ಟುಗಳ ರಾಶಿ ಸೂರು ಮುಟ್ಟಿತ್ತು.

“ದಾನ ಕೊಡೋರೆಲ್ಲ ಮನೆ ಗುಡಿಸಿದ ಮೇಲೇ ಬರ್ತಾರೆ ಸಾರ್,” ಎಂದಳು. “ನಮ್ ಹುಡುಗ್ರು ಕೋಟು ಹಾಕ್ಕೊಂಡು ಎಲ್ಲಿಗೆ ಹೋಗ್ತಾರೆ? ಟವಲ್ ಇದ್ರೆ ತನ್ನಿ. ಹೊಸದು.”

ನಾನು ಊರನ್ನೆಲ್ಲ ನೋಡಿ ನಗುವವನು. ನನ್ನನ್ನು ನೋಡಿ ಆಕೆ ನಗಲಿಲ್ಲ, ಅಷ್ಟೇ ವ್ಯತ್ಯಾಸ. ಚೀಲ ಎತ್ತಿಕೊಂಡು ಬಂದೆ.

ಮಾಚೇನಹಳ್ಳಿಯ ವರ್ಕ್‌ಶಾಪುಗಳಲ್ಲಿ ಮಿಷನ್ ಒರೆಸಲು ಹಳೇ ಬಟ್ಟೆ ಕೊಳ್ಳುತ್ತಾರೆಂದು ಯಾರೋ ಹೇಳಿದರು. ಅಲ್ಲಿಗೂ ಒಂದು ಕೋಟು ಹಿಡಿದು ಹೋದೆ. ಲೇಥ್ ಮುಂದೆ ನಿಂತಿದ್ದ ಮಾಲೀಕ ಎರಡು ಬೆರಳಲ್ಲಿ ಬಟ್ಟೆ ಉಜ್ಜಿ ನೋಡಿ, “ಇದು ಎಣ್ಣೆ ಕುಡಿಯಲ್ಲ ಸಾರ್. ಹರಿದ ಬನಿಯನ್ ಇದ್ರೆ ಎಷ್ಟಾದ್ರೂ ತಗೋತೀನಿ,” ಎಂದ. ಮೂರು ಸಾವಿರ ಜನರ ಎದುರು ಸಿಂಹಾಸನದಂಥ ಕುರ್ಚಿಯಲ್ಲಿ ಮೆರೆದ ಕೋಟಿಗೆ ಹರಿದ ಬನಿಯನ್ನಿನ ಯೋಗ್ಯತೆಯೂ ಇರಲಿಲ್ಲ. ಹೇಳಬೇಕೆಂದರೆ ಆ ದಿನ ನನಗೆ ಒಳಗೊಳಗೇ ಸಂತೋಷವಾಯಿತು.

ಕೊನೆಗೆ ದಾರಿ ತೋರಿಸಿದವನು ತಮ್ಮ ರುದ್ರ. ಅವನು ಭದ್ರಾವತಿಯಲ್ಲಿದ್ದಾನೆ, ಪಂಪ್‌ಸೆಟ್ಟು, ಫ್ಯಾನುಗಳ ಸುಟ್ಟ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟುಕೊಂಡು. “ಅಣ್ಣ, ಇಲ್ಲೊಬ್ರು ಬ್ಯಾಂಡ್ ಸೆಟ್ಟಿನೋರು ಇದಾರೆ, ಮುರುಗೇಶಣ್ಣ ಅಂತ. ಡ್ರೆಸ್ ಎಲ್ಲ ಹರಿದೋಗಿದೆ ಅವರದ್ದು. ಅಷ್ಟೂ ತಗೊಂಡ್ ಬಾ,” ಎಂದು ಫೋನ್ ಮಾಡಿದ.

ಮೂವತ್ತೇಳು ಕೋಟನ್ನು ಮೂಟೆ ಕಟ್ಟಿದೆ. ಮೂವತ್ತೆಂಟನೆಯದು ಒಳಕೋಣೆಯ ಮೊಳೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಕಡುನೀಲಿ ಬಣ್ಣದ್ದು. ನನ್ನ ಅಂಗಡಿಯಲ್ಲಿ ಯಾರೂ ಒಮ್ಮೆಯೂ ಹಾಕದ ಕೋಟು ಅದೊಂದೇ. ಅದು ರುದ್ರನದ್ದು.

ಹನ್ನೊಂದು ವರ್ಷದ ಹಿಂದೆ ಅವನ ಮದುವೆ ಗೊತ್ತಾಗಿತ್ತು. ಅಪ್ಪ ಅಮ್ಮನ ಜಾಗದಲ್ಲಿ ನಾನು, ಸರೋಜ ನಿಂತು ಧಾರೆ ನಡೆಸುವುದೆಂದು ಆಗಿತ್ತು. ಹಳೇ ಕೋಟು ಮಾರುವವನ ತಮ್ಮನಿಗೆ ಹಳೇ ಕೋಟು ಎಂದು ಜನ ಆಡಿಕೊಳ್ಳಬಾರದೆಂದು, ಒಳ್ಳೇ ಬಟ್ಟೆ ತೆಗೆದು ಹೊಸದಾಗಿ ಹೊಲಿಸಿದ್ದೆ. ಪತ್ರಿಕೆ ಅಚ್ಚಾಗಿ ಬಂದಿತ್ತು, ಹಂಚಿರಲಿಲ್ಲ. ಒಂದು ಮಧ್ಯಾಹ್ನ ರುದ್ರ ಕೋಟು ಹಿಡಿದು ಅಂಗಡಿಗೆ ಬಂದ. “ಅದು ನಿಂತೋಯ್ತು ಅಣ್ಣ. ಇದನ್ನ ಮಾರ್ಬಿಡು,” ಎಂದ. ಯಾಕೆ ಎಂದು ಎಷ್ಟು ಕೇಳಿದರೂ “ಅವರಿಗೆ ಸರಿ ಬರ್ಲಿಲ್ವಂತೆ” ಎಂಬುದಕ್ಕಿಂತ ಹೆಚ್ಚು ಹೇಳಲಿಲ್ಲ. ಮತ್ತೆ ಹೆಣ್ಣು ನೋಡಲು ಒಪ್ಪಲೂ ಇಲ್ಲ.

ಉಳಿದದ್ದನ್ನು ನಾನೇ ಊಹಿಸಿಕೊಂಡೆ. ಊಹೆ ಮಾಡುವುದರಲ್ಲಿ ನಾನು ನಿಸ್ಸೀಮ. ಎಣ್ಣೆ ಕೈಯ ವೈಂಡಿಂಗ್ ಕೆಲಸದವನು ಅವರಿಗೆ ಬೇಡವಾಗಿದ್ದಾನೆ, ಪಿಂಚಣಿಯಿರುವ ಸರ್ಕಾರಿ ನೌಕರಿಯ ಗಂಡು ಸಿಕ್ಕಿರಬೇಕು ಎಂದು ತೀರ್ಮಾನಿಸಿದೆ. ಅಲ್ಲಿಂದ ಆ ಮನೆಯವರನ್ನು ಬೈಯುವುದು ನನಗೆ ನಿತ್ಯಪೂಜೆಯಂತಾಯಿತು. ಒಂದು ಸಲ ಒಂದು ಗೃಹಪ್ರವೇಶದ ಊಟಕ್ಕೆ ಹೋದಾಗ ಆ ಹುಡುಗಿಯ ಅಪ್ಪ ನನ್ನ ಎದುರಿನ ಸಾಲಿನಲ್ಲೇ ಕೂತಿದ್ದರು. ಅವರ ಎಲೆಗೆ ಹೋಳಿಗೆ ಬಂತು, ತುಪ್ಪ ಬಂತು. ನಾನು ಸಾಲಿಗೆಲ್ಲ ಕೇಳುವಂತೆ, “ತುಪ್ಪ ನೋಡ್ಕೊಂಡು ಹಾಕ್ರಪ್ಪ, ಜಿಡ್ಡಿನ ಕೈ ಕಂಡ್ರೆ ಅವರಿಗಾಗಲ್ಲ,” ಎಂದೆ. ನಾಲ್ಕು ಜನ ನಕ್ಕರು. ಆ ಮನುಷ್ಯ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ ಎಲೆ ಮಡಚಿ ಎದ್ದು ಹೋದರು. ಆ ಮಾತನ್ನು ನಾನು ಎಷ್ಟು ಜನರ ಮುಂದೆ ಹೇಳಿಕೊಂಡು ಮೆರೆದೆನೋ ಲೆಕ್ಕವಿಲ್ಲ.

ಲಗೇಜ್ ಆಟೋ ಮಾಡಿಕೊಂಡು ಭದ್ರಾವತಿಗೆ ಹೋದೆ. ನೀಲಿ ಕೋಟನ್ನು ಮೂಟೆಗೆ ಹಾಕಲು ಮನಸ್ಸು ಬರದೆ ತೋಳ ಮೇಲೆ ಹಾಕಿಕೊಂಡಿದ್ದೆ. ಮುರುಗೇಶಣ್ಣ ತನ್ನ ಬ್ಯಾಂಡಿನ ಹತ್ತು ಹನ್ನೆರಡು ಜನರೊಂದಿಗೆ ರುದ್ರನ ಅಂಗಡಿ ಮುಂದೆ ಕಾಯುತ್ತಿದ್ದ. ಅರವತ್ತು ದಾಟಿದ ಆಳು, ಕ್ಲಾರಿನೆಟ್ ಊದಿ ಊದಿ ಕೆನ್ನೆ ಜೋತುಬಿದ್ದಿತ್ತು. ಮೂಟೆ ಬಿಚ್ಚಿದ ತಕ್ಷಣ ಅವನ ಕಡೆಯವರು ಮುಗಿಬಿದ್ದು ಹಾಕಿಕೊಂಡರು. ಒಂದರಂತೆ ಒಂದಿಲ್ಲ. ಮರೂನು, ಬೂದು, ಕೆನೆ, ಮಿಂಚು ಬಳಿದ ಕಪ್ಪು. ಡೋಲಿನವನ ಕೋಟು ಮೊಣಕಾಲು ಮುಟ್ಟುತ್ತಿತ್ತು.

“ಬ್ಯಾಂಡ್ ಅಂದ್ರೆ ಎಲ್ಲರದ್ದೂ ಒಂದೇ ಥರ ಇರ್ಬೇಕಲ್ವೇನಪ್ಪ?” ಎಂದೆ.

“ಅದೆಲ್ಲ ಆ ಕಾಲ ಸಾರ್. ಈಗ ವೆರೈಟಿ ಕೇಳ್ತಾರೆ,” ಎಂದ ಮುರುಗೇಶಣ್ಣ. “ಚುಮ್ಮಾ, ಬಿಟ್ಟಿ ತಗೊಳಲ್ಲ ನಾನು. ನಿಮ್ಮನೆ ಫಂಕ್ಷನ್ ಹೇಳಿ, ಫ್ರೀಯಾಗಿ ಬಾರಿಸ್ತೀವಿ.”

“ಮಕ್ಕಳದ್ದೆಲ್ಲ ಆಗೋಯ್ತು. ಇನ್ನು ಉಳಿದಿರೋದು ನನ್ನದೊಂದೇ.”

“ಅದಕ್ಕೂ ಬರ್ತೀವಿ ಸಾರ್,” ಎಂದ, ಬಹಳ ಗಂಭೀರವಾಗಿ.

ಅವರು ಉಳಿದ ಕೋಟುಗಳನ್ನೂ ಹೊತ್ತು ಹೋದ ಮೇಲೆ ಆಟೋದವನನ್ನೂ ಕಳಿಸಿ, ನಾನು ರುದ್ರನ ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತೆ. ಅವನು ಒಂದು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ನನ್ನ ತೋಳಿನ ಕಡೆ ನೋಡಿದ.

“ಅದನ್ನಿನ್ನೂ ಇಟ್ಕೊಂಡಿದ್ಯಾ? ಮಾರ್ಬಿಡು ಅಂದಿದ್ನಲ್ಲ.”

“ಗಿರಾಕಿ ಬರ್ಲಿಲ್ಲ.”

“ಹನ್ನೊಂದು ವರ್ಷದಿಂದ?”

ನಾನು ರೂಢಿಯ ಪೂಜೆ ಶುರುಮಾಡಿದೆ. “ಆ ಜನಕ್ಕೆ ಯೋಗ್ಯತೆ ಇರ್ಲಿಲ್ಲ ಬಿಡು. ಕೈಗೆ ಎಣ್ಣೆ ಆಗುತ್ತೆ ಅಂತ ಗಂಡನ್ನ ಬಿಟ್ಟೋರು ಅವರು.”

“ಅವರು ಬಿಡ್ಲಿಲ್ಲ ಅಣ್ಣ,” ಎಂದ ರುದ್ರ, ತಲೆ ಎತ್ತದೆ. “ನಾನೇ ಬಿಟ್ಟಿದ್ದು.”

“ಏನು? ಯಾಕೋ?”

“ತಡಿ. ಸುತ್ತು ಎಣಿಸ್ತಿದೀನಿ. ತಪ್ಪೋಗುತ್ತೆ.”

ನಾನು ಕಾದೆ. ಅವನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಅವನನ್ನು ಶಾಲೆಗೆ ಸೇರಿಸಿದವನು ನಾನು, ಮಗ್ಗಿ ಬಾಯಿಪಾಠ ಮಾಡಿಸಿದವನು ನಾನು. ಅವನು ಎಣಿಸಿ ಮುಗಿಸಲಿ ಎಂದು ಇಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ಕೊನೆಗೆ ತಂತಿಯ ತುದಿ ಕತ್ತರಿಸಿ, ಕೈ ಒರೆಸಿಕೊಂಡ.

“ಪತ್ರಿಕೆ ಹಂಚೋಕೆ ಮುಂಚೆ ಹುಡುಗಿ ದೊಡ್ಡಪ್ಪ ಇಲ್ಲಿಗೆ ಬಂದಿದ್ರು. ಧಾರೆಗೆ ನೀನು, ಅತ್ತಿಗೆ ನಿಲ್ಲೋದು ಬೇಡ ಅಂದ್ರು. ಸತ್ತೋರ ಬಟ್ಟೆ ಮಾರೋ ಕೈ ಅದು, ಶುಭಕ್ಕೆ ಬೇಡ, ಬೇರೆ ಯಾರಾದ್ರೂ ಹಿರೀಕರು ನಿಲ್ಲಲಿ ಅಂತ. ನೀವಿಬ್ರು ಬಂದು ಊಟ ಮಾಡ್ಕೊಂಡು ಹೋಗ್ಲಿ ಅಂದ್ರು.”

“ಸತ್ತೋರ ಬಟ್ಟೆ ನಾನು ಯಾವತ್ತೂ ತಗೊಂಡಿಲ್ಲ,” ಎಂದೆ. ಇಷ್ಟೆಲ್ಲ ಕೇಳಿದ ಮೇಲೆ ನನ್ನ ಬಾಯಿಂದ ಮೊದಲು ಬಂದದ್ದು ವ್ಯಾಪಾರದ ಮಾತು.

“ಗೊತ್ತು.”

“ಹಾಗಂತ ಅವರಿಗೆ ಹೇಳ್ಬೇಕಿತ್ತು ನೀನು.”

“ಹೇಳ್ಲಿಲ್ಲ. ತಗೊಂಡಿದ್ರೂ ನೀನೇ ತಾನೆ ನಿಲ್ಬೇಕಾಗಿದ್ದಿದ್ದು.”

ಹೊರಗೆ ಯಾರೋ ಸುಟ್ಟ ಮಿಕ್ಸಿ ತಂದಿಟ್ಟು, ನಾಳೆ ಬರುತ್ತೇನೆಂದು ಕೂಗಿ ಹೋದರು. ರುದ್ರ ಅದಕ್ಕೆ ಚೀಟಿ ಕಟ್ಟಿದ.

“ಹುಡುಗಿ ಅಪ್ಪ ಪಾಪ ಒಳ್ಳೇ ಮನುಷ್ಯ,” ಎಂದ. “ಮಾರನೇ ದಿನ ಒಬ್ರೇ ಬಂದು ಕೈ ಮುಗಿದ್ರು. ನಮ್ಮಣ್ಣನ ಮಾತು ಮೀರೋಕೆ ನನ್ ಕೈಲಾಗಲ್ಲ, ತಪ್ಪು ತಿಳ್ಕೋಬೇಡಪ್ಪ ಅಂದ್ರು. ನಿಮ್ಮಣ್ಣನಿಗೆ ಈ ವಿಷ್ಯ ಹೇಳ್ಬೇಡ, ನೊಂದ್ಕೋತಾರೆ ಅಂತಾನೂ ಹೇಳಿದ್ರು.”

ಎಲೆ ಮಡಚಿ ಎದ್ದು ಹೋದ ಮನುಷ್ಯ. ಬಾಯಿ ತೆರೆದು ಹೇಳದೆ ಬಿಟ್ಟ ಮಾತು ಯಾವುದೆಂದು ನನಗೆ ಆಗ ತಿಳಿಯಿತು. ನಾನು ಮಾತ್ರ ತುಪ್ಪದ ವಿಷಯ ರುದ್ರನಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ನಿಮಗೆ ಹೇಳಿದ್ದೇ ಮೊದಲು.

“ನಂಗ್ಯಾಕೆ ಹೇಳ್ಲಿಲ್ಲ ನೀನು, ಇಷ್ಟು ವರ್ಷ?”

“ಹೇಳಿದ್ರೆ ಅವತ್ತೇ ಅಂಗಡಿ ಬಾಗ್ಲು ಹಾಕ್ತಿದ್ದೆ. ಮಕ್ಕಳಿನ್ನೂ ಓದ್ತಿದ್ವು. ಬೇರೆ ಏನ್ ಮಾಡ್ತಿದ್ದೆ ಮಾರಾಯ ನೀನು, ನಿಂಗೆ ಇನ್ನೇನ್ ಬರುತ್ತೆ?” ಎಂದು ನಕ್ಕ. “ಈಗ ಹೇಗೂ ಮುಚ್ತಿದೀಯಲ್ಲ. ಅದಕ್ಕೆ ಹೇಳ್ದೆ.”

ಅವರನ್ನು ಬೈಯಲು ನೋಡಿದೆ. ನಿಜವಾಗಿ ಬೈಯಬೇಕಾದ ಹೊತ್ತು ಈಗ ಬಂದಿತ್ತು. ಆದರೆ ಮಾಡದ ತಪ್ಪಿಗೆ ಹನ್ನೊಂದು ವರ್ಷ ಬೈದು ಇದ್ದಬದ್ದ ಮಾತೆಲ್ಲ ಖರ್ಚು ಮಾಡಿಬಿಟ್ಟಿದ್ದೆ. ಆ ದೊಡ್ಡಪ್ಪನಿಗೂ ನನಗೂ ಏನು ವ್ಯತ್ಯಾಸ ಎಂದು ಬೇರೆ ಯಾರಾದರೂ ಕೇಳುವ ಮೊದಲು ನನಗೇ ಅನ್ನಿಸಿತು. ಆತ ಕಾಣದ ಹೆಣದ ಬಟ್ಟೆ ಕಂಡ. ನಾನು ಕಾಣದ ಪಿಂಚಣಿ ಕಂಡೆ. ಆತ ತನ್ನ ಮಾತನ್ನು ಮುಚ್ಚಿದ ಬಾಗಿಲೊಳಗೆ ಆಡಿದ. ನಾನು ಊಟದ ಸಾಲಿನಲ್ಲಿ ಆಡಿದೆ.

“ಒಂದ್ಸಲ ಹಾಕಿ ನೋಡೋ,” ಎಂದು ಕೋಟನ್ನು ಕವರಿನಿಂದ ತೆಗೆದೆ.

ಹಾಕಿಕೊಂಡ. ಮೋಟಾರು ಎತ್ತಿ ಎತ್ತಿ ಅವನ ಭುಜ ಅಗಲವಾಗಿತ್ತು. ಬೆನ್ನಲ್ಲಿ ಹೊಲಿಗೆ ಚರ್ ಎಂದಿತು. ಮೆಲ್ಲಗೆ ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದ. “ನಿಂಗೆ ಸರಿಯಾಗುತ್ತೆ ನೋಡು. ಹಾಕ್ಕೊಂಡೇ ಹೋಗು, ಕೈಲಿ ಹಿಡ್ಕೊಂಡ್ರೆ ಮಡಿಕೆ ಬೀಳುತ್ತೆ.”

ನಮ್ಮ ಮದುವೆಯಲ್ಲಿ ನಾನು ಬಿಳಿ ಶರ್ಟು, ಪಂಚೆ ಉಟ್ಟವನು. ಐವತ್ತೆಂಟನೇ ವಯಸ್ಸಿಗೆ ಮೊದಲ ಸಲ ಕೋಟಿನ ತೋಳಿಗೆ ಕೈ ತೂರಿಸಿದೆ. ತೋಳು ಒಂದು ಬೆರಳು ಉದ್ದವಾಗಿತ್ತು. ರುದ್ರ ಎದುರು ನಿಂತು ಗುಂಡಿ ಹಾಕಿ, ಕಾಲರ್ ಸರಿಮಾಡಿದ. ಬಸ್ ಸ್ಟ್ಯಾಂಡಿನವರೆಗೆ ಬಂದ. ದಾರಿಯಲ್ಲಿ ಇಬ್ಬರೂ ತಾಮ್ರದ ರೇಟು ಮಾತಾಡಿದೆವು.

ಶಿವಮೊಗ್ಗದ ಖಾಸಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಮಾಚೇನಹಳ್ಳಿ ಬರುವಷ್ಟರಲ್ಲಿ ಒಳಗಿನ ಶರ್ಟು ಬೆನ್ನಿಗಂಟಿತ್ತು. ಪಕ್ಕದ ಸೀಟಿನ ಹೆಂಗಸೊಬ್ಬಳು ನನ್ನನ್ನೂ ನನ್ನ ಹವಾಯಿ ಚಪ್ಪಲಿಯನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು. ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಮಲವಗೊಪ್ಪ ದಾಟಿದ ಮೇಲೆ ಕಂಡಕ್ಟರ್ ಟಿಕೆಟ್ ಕೊಡುತ್ತ ಬಂದ. ನನ್ನನ್ನು ನೋಡಿ ಮುಗುಳ್ನಕ್ಕ.

“ಮದುವೆನಾ ಸಾರ್? ಯಾರದ್ದು?”

“ನಮ್ ತಮ್ಮಂದು.”

“ಆಯ್ತಾ?”

“ಇಲ್ಲ,” ಎಂದೆ.

ಅವನು ಟಿಕೆಟ್ ಹರಿದು ಕೈಗಿಟ್ಟು ಮುಂದಿನ ಸೀಟಿಗೆ ಹೋದ.